ತಣ್ಣನೆ ಡಾಂಬರನ್ನು ನೆನೆಸಿ ನೋಡಿ

(ಶಿವಮೊಗ್ಗದಲ್ಲಿ ಪಂಚಾಯಿತಿ ಸದಸ್ಯರು, ಸಣ್ಣ ಗುತ್ತಿಗೆದಾರರು, ಸಿವಿಲ್ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಹಲಗೆಯ ಮೇಲೆ ಬರೆದ ಲೆಕ್ಕವನ್ನು ಮಾತಿನೊಳಗೇ ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಲೆನಾಡಿನಲ್ಲಿ ರಸ್ತೆ ಮಾಡುವುದಕ್ಕೆ ಒಂದು ಕಾಲ, ರಸ್ತೆ ಕೆಡುವುದಕ್ಕೆ ಇನ್ನೊಂದು ಕಾಲ. ದೀಪಾವಳಿ ಕಳೆದ ಮೇಲೆ ಜಲ್ಲಿ ಲಾರಿಗಳ ಓಡಾಟ ಶುರು. ಮೇ ಕೊನೆಗೆ ರೋಲರ್ ಶೆಡ್ಡಿಗೆ. ಆಮೇಲೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳದ್ದೇ ಕಾರುಬಾರು. ಜುಲೈನಲ್ಲಿ ಅಂಗೈಯಗಲ ಕಿತ್ತ ಡಾಂಬರು ಡಿಸೆಂಬರಿನಲ್ಲಿ ಪ್ಯಾಚ್ ಕಾಣುವ ಹೊತ್ತಿಗೆ ಬಸ್ಸಿನ ಚಕ್ರ ಕೂರುವಷ್ಟು ಹೊಂಡವಾಗಿರುತ್ತದೆ. ನಡುವೆ ಯಾರೋ ಒಂದಿಷ್ಟು ಮಣ್ಣು, ಜಂಬಿಟ್ಟಿಗೆ ಚೂರು ಸುರಿದು ಹೋಗಿರುತ್ತಾರೆ. ಅದು ಮರುದಿನದ ಮಳೆಗೆ ಚರಂಡಿ ಸೇರಿರುತ್ತದೆ.

ಮಳೆಗಾಲದಲ್ಲಿ ಡಾಂಬರು ಯಾಕೆ ಹಾಕುವುದಿಲ್ಲ ಎಂದು ಇಂಜಿನಿಯರನ್ನು ಬೈಯುವವರಿದ್ದಾರೆ. ಅವರ ಪರವಾಗಿ ಒಂದು ಮಾತು ಹೇಳಿಬಿಡುತ್ತೇನೆ. ಬಿಸಿ ಡಾಂಬರು, ಅಂದರೆ ಹಾಟ್ ಮಿಕ್ಸ್, ಪ್ಲಾಂಟಿನಲ್ಲಿ ತಯಾರಾಗುವಾಗ 150ರಿಂದ 165 ಡಿಗ್ರಿ ಬಿಸಿ ಇರಬೇಕು. ಕಲ್ಲು ಸಂಪೂರ್ಣ ಒಣಗಿರಬೇಕು. ಮಿಶ್ರಣ ಸುಮಾರು 90 ಡಿಗ್ರಿಗೆ ಇಳಿಯುವ ಮೊದಲೇ ರೋಲರಿನ ಕೆಲಸ ಮುಗಿದಿರಬೇಕು. ಪ್ಲಾಂಟ್ ಇರುವುದು ಶಿವಮೊಗ್ಗದ ಆಸುಪಾಸಿನಲ್ಲಿ, ಹೊಂಡ ಇರುವುದು ಹೊಸನಗರದ ಆಚೆಯ ಯಾವುದೋ ಹಳ್ಳಿಯಲ್ಲಿ. ಟಾರ್ಪಾಲ್ ಹೊದಿಸಿಕೊಂಡು ಲಾರಿ ತಿರುವುಗಳನ್ನು ದಾಟಿ ಹೋಗುವಷ್ಟರಲ್ಲಿ ಮೇಲಿನ ಪದರ ಹೆಪ್ಪುಗಟ್ಟಿರುತ್ತದೆ. ನಾಲ್ಕು ಹೊಂಡಕ್ಕೆ ಒಂದು ಲೋಡ್ ತರಿಸುವವರೂ ಇಲ್ಲ. ಹಾಗಾಗಿ ರಸ್ತೆ ಬದಿಯಲ್ಲಿ ಕಾಡಿನ ಸೌದೆ ಉರಿಸಿ, ಡ್ರಮ್ಮಿನಲ್ಲಿ ಟಾರು ಕಾಯಿಸಿ, ಕಾಲಿಗೆ ಗೋಣಿ ಸುತ್ತಿಕೊಂಡು ಹೊಗೆಯ ನಡುವೆ ಕೆಲಸ ಮಾಡುವ ಪದ್ಧತಿ ಉಳಿದುಕೊಂಡಿದೆ. ಆ ಡ್ರಮ್ಮಿನೊಳಗೆ ಟಾರು ಎಷ್ಟು ಡಿಗ್ರಿಗೆ ಹೋಗಿದೆ ಎನ್ನುವುದು ಬೆಂಕಿ ಹಾಕುವವನ ಅಂದಾಜಿಗೆ ಬಿಟ್ಟದ್ದು. ಹೆಚ್ಚು ಕಾದರೆ ಟಾರಿನ ಜಿಗುಟು ಹೋಗಿ ಪೆಡಸಾಗುತ್ತದೆ. ಅದು ರಸ್ತೆಗೆ ಬಿದ್ದ ಮೇಲೆಯೇ ಗೊತ್ತಾಗುವುದು.

ಇದಕ್ಕೆ ಪರ್ಯಾಯ ಕೋಲ್ಡ್ ಮಿಕ್ಸ್ ಎನ್ನುವ ತಣ್ಣನೆ ಡಾಂಬರು. ಟಾರು ಕಾಯಿಸದೆ, ಎಮಲ್ಷನ್ ಎಂಬ ನೀರು ಬೆರೆತ ಟಾರಿನಲ್ಲಿ ಜಲ್ಲಿ ಕಲಸುವುದು. ಇದು ಹೊಸತೇನೂ ಅಲ್ಲ. ಬಿಟುಮೆನ್, ಅಂದರೆ ಟಾರಿನ ಎಮಲ್ಷನ್ನಿಗೆ ಹ್ಯೂ ಅಲನ್ ಮೆಕೆ ಎಂಬ ಬ್ರಿಟಿಷ್ ರಸಾಯನ ವಿಜ್ಞಾನಿ ಪೇಟೆಂಟ್ ಪಡೆದದ್ದು 1922ರಲ್ಲಿ. ನಮ್ಮಲ್ಲಿ ಎಮಲ್ಷನ್ನಿಗೆ ಐಎಸ್ 8887 ಎಂಬ ಮಾನಕವಿದೆ. ಕೋಲ್ಡ್ ಮಿಕ್ಸ್ ರಸ್ತೆಗೆಂದೇ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) 2014ರಲ್ಲಿ ಎಸ್‌ಪಿ 100 ಎಂಬ ಮಾರ್ಗಸೂಚಿಯನ್ನು ಹೊರತಂದಿದೆ. ನಮ್ಮ ಹಾಗೆಯೇ ಮಳೆ, ಗುಡ್ಡ, ದೂರದ ಊರು ಎಲ್ಲವೂ ಇರುವ ಈಶಾನ್ಯ ರಾಜ್ಯಗಳಲ್ಲಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಿಗೆ ಇದನ್ನು ಬಳಸಿದ್ದಾರೆ. ಆದ್ದರಿಂದ ತಣ್ಣನೆ ಡಾಂಬರಿನಿಂದ ರಸ್ತೆ ಆಗುತ್ತದೆಯೇ ಎಂಬ ಪ್ರಶ್ನೆಯನ್ನು ನಾನು ಇವತ್ತು ಎತ್ತುವುದಿಲ್ಲ. ಆಗುತ್ತದೆ. ನನ್ನ ತಕರಾರಿರುವುದು ನಾವು ಅದನ್ನು ಪರೀಕ್ಷೆ ಮಾಡುವ ಬಗೆಯ ಮೇಲೆ. ಬಿಸಿ ಡಾಂಬರಿನ ಪರೀಕ್ಷೆಯನ್ನೇ ತಂದು ತಣ್ಣನೆ ಡಾಂಬರಿಗೆ ಹಚ್ಚುತ್ತೇವೆ, ಒಣ ಓವನ್ನಿನಲ್ಲಿ ಬೇಯಿಸಿದ ಬಿಲ್ಲೆಯ, ಅಂದರೆ ಅಚ್ಚಿನಲ್ಲಿ ಮಾಡಿದ ಡಾಂಬರಿನ ಮಾದರಿ ತುಂಡಿನ, ಅಂಕಿ ತೋರಿಸಿ ಆಗುಂಬೆಯ ಮಳೆಗೆ ಪಾಸ್ ಮಾಡುತ್ತೇವೆ.

ಮೊದಲು ಎಮಲ್ಷನ್ ಅಂದರೇನು ನೋಡೋಣ. ಹಾಲಿನಲ್ಲಿ ಬೆಣ್ಣೆ ಕಣಕಣವಾಗಿ ಅಡಗಿರುವ ಹಾಗೆ ಇದರಲ್ಲಿ ಟಾರು ನೀರಿನೊಳಗೆ ಅಡಗಿರುತ್ತದೆ. ಒಂದೊಂದು ಹನಿ ಮಿಲಿಮೀಟರಿನ ಸಾವಿರದ ಕೆಲವೇ ಭಾಗದಷ್ಟು ಸಣ್ಣದು. ಹನಿಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಎಮಲ್ಸಿಫೈಯರ್ ಎಂಬ ರಾಸಾಯನಿಕ ಸೇರಿಸಿರುತ್ತಾರೆ. ರಸ್ತೆಗೆ ಬಳಸುವ ಕ್ಯಾಟಯಾನಿಕ್ ಎಮಲ್ಷನ್ನಿನಲ್ಲಿ ಪ್ರತಿ ಹನಿಯ ಮೈಮೇಲೂ ಧನ ವಿದ್ಯುದಂಶ ಇರುತ್ತದೆ, ಹಾಗಾಗಿ ಒಂದು ಇನ್ನೊಂದನ್ನು ದೂರ ತಳ್ಳುತ್ತದೆ. ಡ್ರಮ್ಮಿನಿಂದ ಸುರಿದಾಗ ಕಾಫಿ ಬಣ್ಣದ ತೆಳು ದ್ರವ. ಕಲ್ಲಿಗೆ ತಾಗಿ ನೀರು ಬೇರೆ, ಟಾರು ಬೇರೆ ಆದಾಗ ಕಂದು ಹೋಗಿ ಕಪ್ಪಾಗುತ್ತದೆ. ಎಮಲ್ಷನ್ ಒಡೆಯಿತು ಎನ್ನುತ್ತೇವೆ. ಬೇಗ ಒಡೆಯುವುದು ಆರ್‌ಎಸ್, ನಿಧಾನಕ್ಕೆ ಒಡೆಯುವುದು ಎಸ್‌ಎಸ್, ನಡುವಿನದು ಎಂಎಸ್. ಹಳೆಯ ಪದರಕ್ಕೆ ಹೊಸದು ಅಂಟಲೆಂದು ಬಳಿಯುವ ಟ್ಯಾಕ್ ಕೋಟಿಗೆ ಆರ್‌ಎಸ್, ದಪ್ಪ ಜಲ್ಲಿಯ ಪ್ರೀಮಿಕ್ಸಿಗೆ ಎಂಎಸ್, ಪುಡಿ ಹೆಚ್ಚಿರುವ ಬಿಗಿ ಮಿಶ್ರಣಕ್ಕೆ ಎಸ್‌ಎಸ್-2. ಇದನ್ನು ಅದಲು ಬದಲು ಮಾಡಿದರೆ ಮುಂದಿನ ಯಾವ ಪರೀಕ್ಷೆಯೂ ನಿಮ್ಮನ್ನು ಕಾಪಾಡುವುದಿಲ್ಲ. ಆರ್‌ಎಸ್ ತಂದು ಕ್ರಷರ್ ಪುಡಿಗೆ ಸುರಿದವರನ್ನು ನೋಡಿದ್ದೇನೆ. ಮಿಕ್ಸರ್ ಎರಡು ಸುತ್ತು ತಿರುಗುವಷ್ಟರಲ್ಲಿ ಪುಡಿಯೆಲ್ಲ ಉಂಡೆ ಕಟ್ಟಿತ್ತು, ಜಲ್ಲಿ ಬೆಳ್ಳಗೆ ಉಳಿದಿತ್ತು.

ವಿದ್ಯುದಂಶದ ಮಾತು ಪುಸ್ತಕದ್ದೆಂದು ತೋರಬಹುದು, ಆದರೆ ಕಣ್ಣಿಗೆ ಕಾಣಿಸುವಂಥ ಪರೀಕ್ಷೆ ಇದೆ. ವಿದ್ಯಾರ್ಥಿಗಳಿಗೆ ನಾನು ಮೊದಲು ಮಾಡಿಸುವುದು ಇದನ್ನೇ. ಒಂದು ಬೀಕರಿನಲ್ಲಿ ಎಮಲ್ಷನ್, ಅದರಲ್ಲಿ ತಾಗದಂತೆ ಇಳಿಬಿಟ್ಟ ಎರಡು ಸ್ಟೀಲ್ ಪಟ್ಟಿ, ಅವಕ್ಕೆ ಸಣ್ಣ ಡಿಸಿ ಕರೆಂಟ್. ಅರ್ಧ ಗಂಟೆ ಬಿಟ್ಟು ಪಟ್ಟಿಗಳನ್ನು ಎತ್ತಿ ನೀರಿನಲ್ಲಿ ತೊಳೆದರೆ ಒಂದು ಪಟ್ಟಿ ಹೆಚ್ಚು ಕಡಿಮೆ ಸ್ವಚ್ಛ. ಋಣ ತುದಿಗೆ ಸೇರಿಸಿದ ಪಟ್ಟಿಯ ಮೇಲೆ ಕಪ್ಪು ಟಾರಿನ ಪದರ. ಹನಿಗಳು ಅತ್ತ ಓಡಿ ಹೋಗಿ ಅಂಟಿಕೊಂಡಿರುತ್ತವೆ. ನಮ್ಮ ಕಡೆಯ ಗ್ರಾನೈಟು, ನೈಸ್ (gneiss) ಎಂಬ ಪಟ್ಟೆಪಟ್ಟೆ ಕಲ್ಲುಗಳಲ್ಲಿ ಸಿಲಿಕಾ ಹೆಚ್ಚು, ಒದ್ದೆಯಾದಾಗ ಅವುಗಳ ಮೈಮೇಲೆ ಋಣ ಅಂಶ ಇರುತ್ತದೆ. ಸ್ಟೀಲ್ ಪಟ್ಟಿಯ ಬಳಿಗೆ ಓಡಿದ ಹನಿ ಜಲ್ಲಿಯ ಬಳಿಗೂ ಹಾಗೆಯೇ ಓಡುತ್ತದೆ. ಬಿಸಿ ಟಾರಿಗೆ ಒದ್ದೆ ಕಲ್ಲೆಂದರೆ ಆಗದು, ಇದಕ್ಕೆ ಸ್ವಲ್ಪ ಒದ್ದೆಯೇ ಬೇಕು ಎನ್ನುವುದರ ಗುಟ್ಟು ಇಲ್ಲಿದೆ.

ಆದರೆ ಆ ಹನಿಗೆ ಕಲ್ಲು ಸಿಗಬೇಕು. ಮಲೆನಾಡಿನಲ್ಲಿ ಜಲ್ಲಿ ಸುರಿಯುವುದು ರಸ್ತೆ ಬದಿಯ ಕೆಂಪು ಮಣ್ಣಿನ ಮೇಲೆ. ಎರಡು ಮಳೆ ಬಿದ್ದರೆ ರಾಶಿಯ ಕೆಳಗಿನ ಅರ್ಧಕ್ಕೆ ಕೆಸರಿನ ಲೇಪ. ಎಮಲ್ಷನ್ ಆ ಮಣ್ಣಿಗೆ ಅಂಟುತ್ತದೆ, ಮಣ್ಣು ಕಲ್ಲಿನಿಂದ ಬಿಟ್ಟುಕೊಳ್ಳುತ್ತದೆ. ಪ್ರಯೋಗಾಲಯಕ್ಕೆ ಬರುವ ಸ್ಯಾಂಪಲ್ ಮಾತ್ರ ಯಾವಾಗಲೂ ರಾಶಿಯ ಮೇಲಿನದು, ತೊಳೆದಿಟ್ಟ ಹಾಗೆ ಇರುತ್ತದೆ! ನಾನು ಕೇಳುವುದು ರಾಶಿಯ ಬುಡದ ಒಂದು ಚೀಲವನ್ನೂ ಕಳಿಸಿ ಎಂದು. ಕಲ್ಲಿನ ಉಳಿದ ಪರೀಕ್ಷೆಗಳಾದ ಇಂಪ್ಯಾಕ್ಟ್, ಲಾಸ್ ಏಂಜಲೀಸ್ ಸವೆತ, ಚಪ್ಪಟೆ ಮತ್ತು ಉದ್ದ ಕಲ್ಲುಗಳ ಪ್ರಮಾಣ ಎಲ್ಲವೂ ಬಿಸಿ ಡಾಂಬರಿಗೆ ಮಾಡುವಂಥವೇ, ಅವುಗಳ ಬಗ್ಗೆ ಇಲ್ಲಿ ಹೇಳುವುದಿಲ್ಲ.

ಇನ್ನು ಮಿಶ್ರಣಕ್ಕೆ ಬರೋಣ. ಎಮಲ್ಷನ್ ಎಷ್ಟು ಹಾಕಬೇಕು? ಶುರುವಿನ ಅಂದಾಜಿಗೆ ಅಮೆರಿಕದ ಆಸ್ಫಾಲ್ಟ್ ಇನ್‌ಸ್ಟಿಟ್ಯೂಟಿನ ಒಂದು ಸೂತ್ರ ಬಳಕೆಯಲ್ಲಿದೆ. 2.36 ಮಿ.ಮೀ. ಜರಡಿಯ ಮೇಲೆ ಉಳಿಯುವ ಜಲ್ಲಿಯ ಶೇಕಡಾವಾರನ್ನು 0.05ರಿಂದ ಗುಣಿಸಿ, ಅದರಿಂದ ಇಳಿದು 75 ಮೈಕ್ರಾನ್ ಜರಡಿಯ ಮೇಲೆ ಉಳಿಯುವುದನ್ನು 0.1ರಿಂದ, ಅದನ್ನೂ ದಾಟುವ ನಯ ಪುಡಿಯನ್ನು 0.5ರಿಂದ. ಮೂರನ್ನೂ ಕೂಡಿ 0.7ರಿಂದ ಗುಣಿಸಿದರೆ ಬೇಕಾದ ಟಾರಿನ ಶೇಕಡಾವಾರು. ನಮ್ಮ ಬಿಗಿ ಮಿಶ್ರಣದಲ್ಲಿ ಇವು 50, 45, 5 ಎಂದಿಟ್ಟುಕೊಳ್ಳಿ. 2.5, 4.5, 2.5, ಒಟ್ಟು 9.5. ಅದರ 0.7 ಅಂದರೆ 6.65. ಎಸ್‌ಎಸ್-2 ಎಮಲ್ಷನ್ನಿನಲ್ಲಿ ಟಾರು ಇರುವುದು ಕನಿಷ್ಠ 60 ಭಾಗ. 6.65ನ್ನು 0.60ರಿಂದ ಭಾಗಿಸಿದರೆ ಸುಮಾರು ಶೇ. 11 ಎಮಲ್ಷನ್. ನಯ ಪುಡಿಯ ತೂಕ ಬರೀ 5 ಭಾಗ, ಆದರೆ ಟಾರು ಕೇಳುವುದರಲ್ಲಿ ಅದು 50 ಭಾಗ ಜಲ್ಲಿಗೆ ಸಮ ನಿಂತಿದೆ ನೋಡಿ. ಕ್ರಷರ್ ಪುಡಿ ಒಂದೆರಡು ಬುಟ್ಟಿ ಹೆಚ್ಚಾದರೆ ಏನಾಯಿತು ಎನ್ನುವ ಮೇಸ್ತ್ರಿಗಳಿಗೆ ಈ ಲೆಕ್ಕ ತೋರಿಸಬೇಕು.

ಎಮಲ್ಷನ್ನಿಗೂ ಮೊದಲು ಕಲ್ಲಿಗೆ ಒಂದಿಷ್ಟು ನೀರು ಚಿಮುಕಿಸಬೇಕು. ಎಷ್ಟು ಎನ್ನುವುದನ್ನು ಕಣ್ಣಳತೆಯಲ್ಲೇ ಕಂಡುಕೊಳ್ಳುವುದು. ಬೇರೆ ಬೇರೆ ಪ್ರಮಾಣದ ನೀರು ಹಾಕಿ, ಎಮಲ್ಷನ್ ಕಲಸಿ, ತಟ್ಟೆಯಲ್ಲಿ ಹರಡಿ ಎಷ್ಟು ಪಾಲು ಕಲ್ಲು ಕಪ್ಪಾಗಿದೆ ಎಂದು ನೋಡುತ್ತೇವೆ. ನೀರು ಕಡಿಮೆಯಾದರೆ ಪುಡಿ ಎಮಲ್ಷನ್ನನ್ನು ಹೀರಿ ಉಂಡೆಗಟ್ಟುತ್ತದೆ, ಜಾಸ್ತಿಯಾದರೆ ಕಂದು ನೀರು ತಟ್ಟೆಯ ಅಂಚಿಗೆ ಹರಿದು ನಿಲ್ಲುತ್ತದೆ. ಕನಿಷ್ಠ ಶೇ. 50 ಲೇಪ ಸಾಕೆಂದು ನಿಯಮ ಹೇಳುತ್ತದೆ. ತೀರ್ಥಹಳ್ಳಿಯಿಂದ ಮೇಲಕ್ಕೆ ಅರ್ಧ ಬೆಳ್ಳಗಿರುವ ಜಲ್ಲಿಯನ್ನು ನಾನಂತೂ ಒಪ್ಪುವುದಿಲ್ಲ. ನಿಯಮದ ಕನಿಷ್ಠ ಇಡೀ ದೇಶಕ್ಕೆ ಬರೆದದ್ದು. ಮರಳುಗಾಡಿನ ಜೈಸಲ್ಮೇರೂ ಅದರಲ್ಲಿ ಬರುತ್ತದೆ.

ಈಗ ಅಚ್ಚಿಗೆ. ಬಿಲ್ಲೆ ಎಷ್ಟು ಭಾರ ತಡೆಯುತ್ತದೆ ಎಂದು ನೋಡುವ ಮಾರ್ಷಲ್ ಪರೀಕ್ಷೆಯ ಹೆಸರು ಇಲ್ಲಿರುವ ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಹೆದ್ದಾರಿ ಇಲಾಖೆಯಲ್ಲಿದ್ದ ಬ್ರೂಸ್ ಮಾರ್ಷಲ್ ರೂಪಿಸಿದ್ದು. 101.6 ಮಿ.ಮೀ. ಅಗಲ, 63.5 ಮಿ.ಮೀ. ಎತ್ತರದ ಬಿಲ್ಲೆ. 4.54 ಕೆ.ಜಿ. ಸುತ್ತಿಗೆ, 457 ಮಿ.ಮೀ. ಎತ್ತರದಿಂದ ಬೀಳುತ್ತದೆ. ಹೆದ್ದಾರಿಯ ಬಿಸಿ ಡಾಂಬರಿಗೆ ಒಂದೊಂದು ಮುಖಕ್ಕೆ 75 ಏಟು, ತಣ್ಣನೆಯದಕ್ಕೆ 50. ಬಿಸಿ ಡಾಂಬರಿನ ಬಿಲ್ಲೆಯನ್ನು 60 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆಗೂ ಮೀರಿ ಇಟ್ಟು, ತೆಗೆದ ತಕ್ಷಣ ಒತ್ತುತ್ತೇವೆ. ಬಿಟುಮಿನಸ್ ಕಾಂಕ್ರೀಟ್ ಎನ್ನುವ ಬಿಗಿ ಬಿಸಿ ಡಾಂಬರಾದರೆ 9 ಕಿಲೋನ್ಯೂಟನ್, ಅಂದರೆ ಸುಮಾರು 900 ಕೆ.ಜಿ. ಭಾರ ತಡೆಯಬೇಕು. ತಣ್ಣನೆಯದಕ್ಕೆ ಕೇಳುವುದು 2.2 ಕಿಲೋನ್ಯೂಟನ್. ಕಾಲು ಪಾಲು. ಅದೂ 60 ಡಿಗ್ರಿಯಲ್ಲಲ್ಲ, 22 ಡಿಗ್ರಿಯಲ್ಲಿ.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಕೂಡಲೇ ಕೆಲವರು ಇದು ಬಡವರ ರಸ್ತೆಗೆ ಕಳಪೆ ಮಾಲು ಎಂದು ತೀರ್ಮಾನಿಸುತ್ತಾರೆ. ಹಾಗೆ ಹೋಲಿಸುವುದೇ ಸರಿಯಲ್ಲ. ಬಿಸಿ ಡಾಂಬರು ತಣಿದ ಕೂಡಲೇ ಅದರ ಬಹುಪಾಲು ಬಲ ಬಂದಿರುತ್ತದೆ. ಎರಡನೇ ದಿನ ಒತ್ತಿದರೂ ಎರಡನೇ ತಿಂಗಳು ಒತ್ತಿದರೂ ಅಂಕಿ ಹತ್ತಿರ ಹತ್ತಿರವೇ ಇರುತ್ತದೆ. ತಣ್ಣನೆಯದರ ಬಲ ನೀರು ಹೊರಗೆ ಹೋದಷ್ಟೂ ಏರುತ್ತಾ ಹೋಗುತ್ತದೆ. ಹಾಕಿದ ದಿನ ಅದು ಒದ್ದೆ ಜಲ್ಲಿಯ ರಾಶಿ. ರಸ್ತೆಯಲ್ಲಿ ಪೂರ್ತಿ ಬಲ ಬರಲು ತಿಂಗಳುಗಳೇ ಬೇಕು. ಹಾಗಾಗಿ ಬಲ ಎಷ್ಟು ಎಂದು ಕೇಳುವಾಗ ಯಾವ ದಿನದ್ದು, ಎಷ್ಟು ನೀರು ಒಳಗಿದ್ದಾಗಿನದ್ದು ಎಂದು ಸೇರಿಸಿ ಕೇಳದಿದ್ದರೆ ಉತ್ತರಕ್ಕೆ ಅರ್ಥವಿಲ್ಲ.

ಎಷ್ಟು ನೀರು ಎಂದರೆ? ಒಂದು ಬಿಲ್ಲೆಗೆ 1,100 ಗ್ರಾಂ ಕಲ್ಲು ಎಂದುಕೊಳ್ಳಿ. ಶೇ. 11 ಎಮಲ್ಷನ್ ಅಂದರೆ 121 ಗ್ರಾಂ, ಅದರಲ್ಲಿ 40 ಭಾಗ, ಅಂದರೆ 48 ಗ್ರಾಂ ನೀರು. ಮೊದಲು ಚಿಮುಕಿಸಿದ್ದು ಶೇ. 3, ಅದು 33 ಗ್ರಾಂ. ಒಟ್ಟು 81 ಗ್ರಾಂ. ಇಡೀ ಬಿಲ್ಲೆಯ ತೂಕದಲ್ಲಿ ಸುಮಾರು ಆರೂವರೆ ಭಾಗ. ಬಿಲ್ಲೆಯಿಂದ ರಸ್ತೆಗೆ ಬನ್ನಿ. ಒಂದು ಕಿಲೋಮೀಟರ್ ಉದ್ದ, 3.75 ಮೀಟರ್ ಅಗಲ, 25 ಮಿ.ಮೀ. ದಪ್ಪದ ಪದರ ಎಂದರೆ 94 ಘನ ಮೀಟರ್, ಹತ್ತಿರ ಹತ್ತಿರ 200 ಟನ್ ಮಿಶ್ರಣ. ಅದರಲ್ಲಿ ಆರೂವರೆ ಭಾಗ ಅಂದರೆ 13 ಟನ್ ನೀರು. ಒಂದು ಕಿಲೋಮೀಟರ್ ಹಳ್ಳಿ ರಸ್ತೆಯ ಮೇಲೆ 13 ಸಾವಿರ ಲೀಟರ್ ನೀರನ್ನು ನಾವೇ ಕೈಯಾರೆ ತಂದು ಹಾಕಿರುತ್ತೇವೆ. ರೋಲರ್ ಒತ್ತಿದಾಗ ಒಂದಿಷ್ಟು ಹಿಂಡಿ ಹೊರಬರುತ್ತದೆ, ಉಳಿದದ್ದು ಆವಿಯಾಗಿಯೇ ಹೋಗಬೇಕು. ಬಯಲುಸೀಮೆಯ ಮಾರ್ಚ್ ಬಿಸಿಲಾದರೆ ಚಿಂತೆಯಿಲ್ಲ. ಪುಷ್ಯ ಮಳೆಯಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗದ ಊರಿನಲ್ಲಿ?

ನಿಯಮದ ಪ್ರಕಾರ ಬಿಲ್ಲೆಯನ್ನು ಒಂದು ದಿನ ಅಚ್ಚಿನಲ್ಲೇ ಬಿಟ್ಟು, ಆಮೇಲೆ ಹೊರತೆಗೆದು 40 ಡಿಗ್ರಿಯ ಆಸುಪಾಸಿನ ಓವನ್ನಿನಲ್ಲಿ ಒಣಗಿಸುತ್ತಾರೆ. ಕೆಲವು ವಿಧಾನಗಳಲ್ಲಿ ಒಂದು ದಿನ, ಪೂರ್ತಿ ಹದ ಬರಬೇಕೆಂದರೆ ತೂಕ ಇಳಿಯುವುದು ನಿಲ್ಲುವ ತನಕ. ವರದಿಯಲ್ಲಿ ಬರುವ ಅಂಕಿ ಈ ಬಿಲ್ಲೆಯದ್ದು. 40 ಡಿಗ್ರಿಯ ಒಣ ಗಾಳಿ ನಮ್ಮ ಯಾವ ಜುಲೈನಲ್ಲಿ ಬೀಸಿದೆ, ಹೇಳಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಹೆಚ್ಚು ಮಳೆ. ಅಲ್ಲಿಂದ ನೂರು ಕಿ.ಮೀ. ಒಳಗೇ ಇರುವ ಈ ಶಿವಮೊಗ್ಗ ಪೇಟೆಯಲ್ಲಿ ಅದರ ಐದನೇ ಒಂದು ಪಾಲೂ ಬೀಳುವುದಿಲ್ಲ. ಜಿಲ್ಲೆ ಒಂದೇ, ಟೆಂಡರಿನ ಷರತ್ತು ಒಂದೇ, ಓವನ್ನೂ ಒಂದೇ.

ಅದಕ್ಕೆ ನಾವು ಮಾಡುವುದು ಸರಳ ಕೆಲಸ, ಯಂತ್ರವೇನೂ ಬೇಡ. ಒಂದೇ ಮಿಶ್ರಣದಿಂದ ಎರಡು ಗುಂಪು ಬಿಲ್ಲೆ ಮಾಡುತ್ತೇವೆ. ಒಂದು ಗುಂಪು ಓವನ್ನಿಗೆ. ಇನ್ನೊಂದು ಮುಚ್ಚಳವಿರುವ ಪೆಟ್ಟಿಗೆಗೆ. ಅದರ ತಳದಲ್ಲಿ ನೀರಿನ ತಟ್ಟೆ, ಮೇಲೆ ಜಾಲರಿ, ಜಾಲರಿಯ ಮೇಲೆ ಬಿಲ್ಲೆ. ಬೆಳಿಗ್ಗೆ ಬಂದ ಕೂಡಲೇ ಎರಡನ್ನೂ ತೂಗಿ ಬರೆಯುವುದು. ಓವನ್ನಿನದ್ದು ಮೊದಲ ದಿನವೇ ದಡದಡ ಇಳಿಯುತ್ತದೆ. ಪೆಟ್ಟಿಗೆಯದ್ದು ಹಟ ಹಿಡಿದ ಹಾಗೆ ಅಲ್ಲೇ ನಿಂತಿರುತ್ತದೆ. ಮುಟ್ಟಿದರೆ ಅಂಚಿನ ಬೇಬಿ ಜಲ್ಲಿ ಬೆರಳಿಗೆ ಬರುತ್ತದೆ, ಮುರಿದರೆ ಮೇಲ್ಮೈ ಕಪ್ಪಗಿದ್ದರೂ ನಡುವೆ ಇನ್ನೂ ಕಂದು ಬಣ್ಣ. ಒಳಗೆ ಎಮಲ್ಷನ್ ಪೂರ್ತಿ ಒಡೆದೇ ಇಲ್ಲ. ಈ ಎರಡು ತೂಕದ ಗೆರೆಗಳನ್ನು ಒಂದೇ ಹಾಳೆಯಲ್ಲಿ ಎಳೆದರೆ ಗುತ್ತಿಗೆದಾರರಿಗೆ ಬೇಕಾದ ಉತ್ತರ ಅದರಲ್ಲೇ ಇರುತ್ತದೆ: ಬಸ್ಸು ಬಿಡಲು ಎಷ್ಟು ದಿನ ಕಾಯಬೇಕು, ಎಂಥ ಹೊಳವು (ಮಳೆಯ ಬಿಡುವು) ಸಿಕ್ಕರೆ ಕೆಲಸ ಹಿಡಿಯಬಹುದು ಎಂಬುದು.

ಆಮೇಲಿನದು ನೆನೆಸುವ ಪರೀಕ್ಷೆ. ನನ್ನ ಮಟ್ಟಿಗೆ ತಣ್ಣನೆ ಡಾಂಬರಿನ ವರದಿಯಲ್ಲಿ ಮೊದಲು ಓದಬೇಕಾದ ಸಾಲು ಇದೇ. ಒಣಗಿದ ಬಿಲ್ಲೆಯನ್ನು ಅರ್ಧ ಎತ್ತರದವರೆಗೆ ನೀರಿನಲ್ಲಿ ನಿಲ್ಲಿಸುತ್ತಾರೆ. 24 ಗಂಟೆ. ನೀರು ಸಂದುಗಳಲ್ಲಿ ತಾನಾಗಿ ಮೇಲೇರುತ್ತದೆ. ಆಮೇಲೆ ತಲೆಕೆಳಗು ಮಾಡಿ ಇನ್ನೊಂದು 24 ಗಂಟೆ. ಬಟ್ಟೆಯಲ್ಲಿ ಒರೆಸಿ ಒತ್ತುತ್ತಾರೆ. ನೆನೆಯದ ಬಿಲ್ಲೆಯ ಬಲದಲ್ಲಿ ಕನಿಷ್ಠ ಅರ್ಧದಷ್ಟಾದರೂ ಉಳಿದಿರಬೇಕು. ಒಣ ಬಿಲ್ಲೆ 8 ಕಿಲೋನ್ಯೂಟನ್ ತಡೆದು ನೆನೆದದ್ದು 4ಕ್ಕೆ ಇಳಿಯುವ ಮಿಶ್ರಣಕ್ಕಿಂತ, ಒಣಗಿದಾಗ 6 ಇದ್ದು ನೆನೆದಾಗ 5 ಉಳಿಸಿಕೊಳ್ಳುವುದು ನಮಗೆ ಮೇಲು. ಟೆಂಡರಿನ ಹೋಲಿಕೆ ಪಟ್ಟಿಯಲ್ಲಿ ಮಾತ್ರ ಮೊದಲನೆಯದೇ ಗೆಲ್ಲುತ್ತದೆ, ಏಕೆಂದರೆ ಅಲ್ಲಿ ಬರೆಯುವುದು ಒಣ ಅಂಕಿಯನ್ನು.

ಬಿಲ್ಲೆಯನ್ನು ಅಡ್ಡ ಮಲಗಿಸಿ ಸೀಳುವ ಪರೀಕ್ಷೆಯೂ ಇದೆ. ಒಣಗಿದ್ದನ್ನೂ ನೆನೆದದ್ದನ್ನೂ 25 ಡಿಗ್ರಿಯಲ್ಲಿ ಸೀಳಿ, ಎರಡರ ಅನುಪಾತ ನೋಡುವುದು. ಬಿಸಿ ಡಾಂಬರಿನಲ್ಲಿ ಇದು ಶೇ. 80 ಇರಬೇಕೆಂದು ಕೇಳುತ್ತಾರೆ. ಸೀಳಿದ ಮುಖವನ್ನು ಬಿಸಾಡಬೇಡಿ ಎಂದು ನಮ್ಮ ಹುಡುಗರಿಗೆ ಹೇಳುತ್ತಿರುತ್ತೇನೆ. ಅನುಪಾತದ ಅಂಕಿಗಿಂತ ಆ ಮುಖ ಹೆಚ್ಚು ಹೇಳುತ್ತದೆ. ಕಪ್ಪು ಕಪ್ಪಾಗಿ ಮುರಿದಿದ್ದರೆ ಟಾರು ಹರಿದಿದೆ. ಅಲ್ಲಲ್ಲಿ ಬೂದು ಕಲ್ಲು ನೆಟ್ಟಗೆ ಕಾಣಿಸಿದರೆ ನೀರು ಟಾರನ್ನು ಕಲ್ಲಿನಿಂದ ಬಿಡಿಸಿದೆ ಎಂದರ್ಥ. ಮೊದಲನೆಯದಕ್ಕೆ ಟಾರಿನ ಪ್ರಮಾಣ ಬದಲಿಸಬಹುದು. ಎರಡನೆಯದಕ್ಕೆ ಕಲ್ಲನ್ನೋ ಎಮಲ್ಷನ್ನನ್ನೋ ಬದಲಿಸಬೇಕು.

ಇನ್ನೊಂದು ದೋಷವನ್ನು ಮುಚ್ಚಿಡುವುದು ಬೇಡ. ತಣ್ಣನೆ ಮಿಶ್ರಣದಲ್ಲಿ ನೀರು ಇದ್ದ ಜಾಗ ನೀರು ಹೋದ ಮೇಲೆ ಖಾಲಿ ಉಳಿಯುತ್ತದೆ. ಆದ್ದರಿಂದ ಇದರಲ್ಲಿ ಸಂದು ಜಾಸ್ತಿ. ಬಿಸಿ ಡಾಂಬರಿನಲ್ಲಿ ಶೇ. 3ರಿಂದ 5ಕ್ಕೆ ತರುವುದು ಸುಲಭ, ಇಲ್ಲಿ ಅಷ್ಟಕ್ಕೆ ತರಲು ಒದ್ದಾಡಬೇಕು. ಸಂದಿರುವ ಕಡೆ ಮಳೆ ನೀರು ಇಳಿಯುತ್ತದೆ. ಅದಕ್ಕೇ ಮಲೆನಾಡಿನಲ್ಲಿ ತಣ್ಣನೆ ಡಾಂಬರು ಹಾಕಿದರೆ ಮೇಲೆ ಸೀಲ್ ಕೋಟ್, ಅಂದರೆ ನೀರು ಇಳಿಯದಂತೆ ತಡೆಯುವ ತೆಳು ಲೇಪ, ಬೇಕೇ ಬೇಕು, ರಸ್ತೆಯ ನಡು ಏರಿ ಬದಿ ಇಳಿದಿರಬೇಕು, ಚರಂಡಿಯಲ್ಲಿ ನೀರು ಓಡಬೇಕು. ಅಂದಾಜು ಪಟ್ಟಿಯಲ್ಲಿ ಮೊದಲು ಕತ್ತರಿ ಬೀಳುವುದೂ ಈ ಮೂರಕ್ಕೇ.

ನನ್ನ ಮಾತು ಇಷ್ಟು. ಪ್ರಶ್ನೆಗಳಿಗೆ ಬರೋಣ.

ಗುತ್ತಿಗೆದಾರರೊಬ್ಬರು ಕೇಳಿದರು: “ಸಾರ್, ಸಿಮೆಂಟ್ ಸೇರಿಸಿದರೆ ಬೇಗ ಗಟ್ಟಿ ಆಗುತ್ತೆ ಅಂತಾರೆ. ಹೌದಾ?”

ಹೌದು. ಕಲ್ಲಿನ ತೂಕದ ಒಂದೆರಡು ಭಾಗ ಸಿಮೆಂಟನ್ನು ನಯ ಪುಡಿಯ ಬದಲಿಗೆ ಹಾಕಿದರೆ ಅದು ಒಳಗಿನ ನೀರನ್ನು ತನ್ನ ಹದಕ್ಕೆ ಹೀರಿಕೊಳ್ಳುತ್ತದೆ, ಎಮಲ್ಷನ್ ಬೇಗ ಒಡೆಯುತ್ತದೆ, ಶುರುವಿನ ದಿನಗಳ ಬಲ ಹೆಚ್ಚುತ್ತದೆ, ನೆನೆದಾಗಿನ ಬಲವೂ ಸುಧಾರಿಸುತ್ತದೆ. ನೀರು ಆವಿಯಾಗದ ನಮ್ಮ ಹವೆಗೆ ಇದು ಹೇಳಿ ಮಾಡಿಸಿದ ಉಪಾಯ. ಆದರೆ ಎರಡು ಒಳ್ಳೆಯದಾದರೆ ನಾಲ್ಕು ಇನ್ನೂ ಒಳ್ಳೆಯದು ಎನ್ನಬೇಡಿ. ಮಿಶ್ರಣ ಬಿರುಸಾಗಿ ಬಿರುಕು ಬಿಡುತ್ತದೆ. ಎಸ್‌ಎಸ್ ಎಮಲ್ಷನ್ನಿಗೆ ಮಾತ್ರ ಇದು ಸರಿ. ಐಎಸ್ 8887ರಲ್ಲೂ ಸಿಮೆಂಟಿನೊಂದಿಗೆ ಕಲಸಿ ನೋಡುವ ಪರೀಕ್ಷೆ ಇರುವುದು ಎಸ್‌ಎಸ್‌ಗೇ.

“ಚೀಲದಲ್ಲಿ ರೆಡಿ ಮಿಕ್ಸ್ ಬರುತ್ತಲ್ಲ, ಮಳೆಯಲ್ಲೇ ಹಾಕಬಹುದು ಅಂತ ಮಾರುತ್ತಾರೆ. ನಂಬಬಹುದಾ?”

ಅದರಲ್ಲಿ ಹೆಚ್ಚಿನವು ಎಮಲ್ಷನ್ ಅಲ್ಲ, ಕಟ್‌ಬ್ಯಾಕ್. ಟಾರಿಗೆ ಸೀಮೆಎಣ್ಣೆಯಂಥ ದ್ರಾವಕ ಬೆರೆಸಿ ತೆಳುವಾಗಿಸಿದ್ದು. ಅದಕ್ಕೆ ಐಆರ್‌ಸಿ 116 ಎಂಬ ಬೇರೆಯೇ ನಿಯಮ ಇದೆ, ಅದೂ 2014ರದ್ದೇ. ಒದ್ದೆ ಹೊಂಡಕ್ಕೆ ಹಾಕಬಹುದು. ನೀರು ತುಂಬಿದ ಹೊಂಡಕ್ಕೆ ಅಲ್ಲ. ಮೊದಲು ನೀರು, ಕೆಸರು ತೆಗೆಯಿರಿ. ಅಮೆರಿಕದಲ್ಲಿ 1990ರ ದಶಕದ ಆರಂಭದಲ್ಲಿ ಸಾವಿರಕ್ಕೂ ಹೆಚ್ಚು ಹೊಂಡ ಮುಚ್ಚಿ ವರ್ಷಗಟ್ಟಲೆ ಗಮನಿಸಿದರು. ಮಾಲು ಒಳ್ಳೆಯದಿದ್ದರೆ, ಹೊಂಡವನ್ನು ಚೌಕಾಕಾರ ಕತ್ತರಿಸಿ ಶಾಸ್ತ್ರೋಕ್ತವಾಗಿ ತುಂಬಿದ್ದಕ್ಕೂ, ಸುರಿದು ಲಾರಿ ಚಕ್ರ ಹತ್ತಿಸಿ ಬಿಗಿ ಮಾಡಿದ್ದಕ್ಕೂ ಬಾಳಿಕೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಕತ್ತರಿಸಲು ಯಂತ್ರವಿಲ್ಲ ಎಂದು ಕೈಕಟ್ಟಿ ಕೂರಬೇಡಿ, ಚೀಲದೊಳಗಿನದು ಏನು ಎಂದು ಮಾತ್ರ ಬಿಡದೆ ವಿಚಾರಿಸಿ.

ವಿದ್ಯಾರ್ಥಿನಿಯೊಬ್ಬಳು: “ಸಾರ್, ಹಾಗಾದರೆ ಆಗುಂಬೆ ಘಾಟಿಗೂ ಇದನ್ನೇ ಹಾಕಬಹುದಲ್ವಾ?”

ಬೇಡಮ್ಮ. ಹೇರ್‌ಪಿನ್ ತಿರುವಿನಲ್ಲಿ ಬಸ್ಸು ಬ್ರೇಕ್ ಒತ್ತಿ ಚಕ್ರ ತಿರುಗಿಸಿದಾಗ ರಸ್ತೆಯ ಮೈಯನ್ನು ಅಡ್ಡಕ್ಕೆ ಎಳೆಯುತ್ತದೆ. ಹಸಿ ತಣ್ಣನೆ ಮಿಶ್ರಣ ಆ ಎಳೆತಕ್ಕೆ ಕಿತ್ತು ಬರುತ್ತದೆ. ಅಂಥ ಕಡೆ ತುರ್ತು ಪ್ಯಾಚಿಗೆ ಇರಲಿ, ಪೂರ್ತಿ ಪದರಕ್ಕೆ ಬಿಸಿ ಡಾಂಬರು ಅಥವಾ ಕಾಂಕ್ರೀಟ್. ತಣ್ಣನೆಯದಕ್ಕೆ ಸರಿಯಾದ ಜಾಗ ದಿನಕ್ಕೆ ಎರಡು ಬಸ್ಸು, ನಾಲ್ಕು ಅಡಿಕೆ ಲಾರಿ, ಒಂದಷ್ಟು ಬೈಕು ಓಡಾಡುವ ಊರೊಳಗಿನ ರಸ್ತೆ. ಕಿತ್ತು ಬರುವ ಗುಣವನ್ನು ಅಳೆಯಬೇಕೆಂದರೆ ಕ್ಯಾಂಟಾಬ್ರೊ ಎಂಬ ಪರೀಕ್ಷೆ ಇದೆ. ಲಾಸ್ ಏಂಜಲೀಸ್ ಡ್ರಮ್ಮಿಗೆ ಕಬ್ಬಿಣದ ಗುಂಡು ಹಾಕದೆ ಬಿಲ್ಲೆಯನ್ನಷ್ಟೇ ಹಾಕಿ 300 ಸುತ್ತು ತಿರುಗಿಸಿ ಎಷ್ಟು ಉದುರಿತು ಎಂದು ತೂಗುವುದು. ನಿಮ್ಮ ಪ್ರಾಜೆಕ್ಟಿಗೆ ಒಳ್ಳೆಯ ವಿಷಯ, ಪೆಟ್ಟಿಗೆಯಲ್ಲಿ ಇಟ್ಟ ಬಿಲ್ಲೆಗಳ ಮೇಲೆ ಮಾಡಿ.

ಕೊನೆಗೆ ಪಂಚಾಯಿತಿ ಸದಸ್ಯೆಯೊಬ್ಬರು: “ನಮ್ಮಲ್ಲಿ ಪ್ರಯೋಗಾಲಯ ಎಲ್ಲಿದೆ ಸಾರ್? ನಾವು ನೋಡಿ ತಿಳಿಯುವಂಥದ್ದು ಏನಾದರೂ ಹೇಳಿ.”

ಹೇಳುತ್ತೇನಕ್ಕ. ಕೆಲಸ ಶುರುವಾಗುವ ದಿನ ಡ್ರಮ್ ತೆರೆಸಿ ಕೋಲಿನಿಂದ ತಳ ಮುಟ್ಟಿ ನೋಡಿ. ಗಟ್ಟಿ ಗಸಿ ಕೂತಿದ್ದರೆ ಉರುಳಿಸಿ ಕಲಕಿಸಿ. ಕಲಕಿದರೂ ಕರಗದೆ ಉಂಡೆಗಳು ತೇಲಿದರೆ ಆ ಡ್ರಮ್ ವಾಪಸ್ ಕಳಿಸಿ. ಕಲಸಿದ ಮಿಶ್ರಣ ಕಂದು ಇರುವಾಗಲೇ ರೋಲರ್ ಏರಿಸಿದರೆ ತಡೆಯಿರಿ. ಹಾಗೆಯೇ ಕಪ್ಪಾಗಿ ಬಹಳ ಹೊತ್ತಾದ ಮೇಲೂ ಬೇಡ. ಒಂದೆರಡು ಹಿಡಿ ಮಿಶ್ರಣವನ್ನು ಮನೆಗೆ ತನ್ನಿ, ನೆರಳಲ್ಲಿ ಹರಡಿ ಚೆನ್ನಾಗಿ ಒಣಗಲು ಬಿಡಿ. ಆಮೇಲೆ ಹಳೆಯ ಪಾತ್ರೆಯಲ್ಲಿ ನೀರು ಕುದಿಸಿ ಅದಕ್ಕೆ ಹಾಕಿ ಹತ್ತು ನಿಮಿಷ ಕುದಿಯಲಿ. ತಣಿದ ಮೇಲೆ ನೀರು ಬಸಿದು ಬಿಳಿ ಕಾಗದದ ಮೇಲೆ ಹರಡಿ. ಬಹುತೇಕ ಕಪ್ಪಗೇ ಉಳಿದಿದ್ದರೆ ಸರಿ, ಬೂದು ಕಲ್ಲುಗಳು ಎದ್ದು ಕಂಡರೆ ಆ ಕಾಗದವನ್ನೇ ಇಂಜಿನಿಯರ ಮೇಜಿಗೆ ಒಯ್ಯಿರಿ. ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಇನ್ನು ವರದಿ ಕೈಗೆ ಬಂದಾಗ ಮೂರು ವಿಷಯ ಹುಡುಕಿ: ಕಲ್ಲು ಯಾವ ಕ್ರಷರಿನದು, ಬಿಲ್ಲೆಯನ್ನು ಎಷ್ಟು ದಿನ ಎಲ್ಲಿ ಒಣಗಿಸಿದರು, ನೆನೆಸಿದ ಮೇಲೆ ಎಷ್ಟು ಬಲ ಉಳಿಯಿತು. ಮೂರರಲ್ಲಿ ಒಂದು ಇಲ್ಲದಿದ್ದರೂ ಬಿಲ್ಲಿಗೆ ಸಹಿ ಬೀಳುವ ಮೊದಲು ಲಿಖಿತವಾಗಿ ಕೇಳಿ, ಅದಕ್ಕೆ ಸ್ವೀಕೃತಿ ಪಡೆದುಕೊಳ್ಳಿ.